ಆರು ಗುರಿಗಳಲ್ಲಿ ಒಂದು ಉಳಿಯಿತು

ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘದ ನಡಾವಳಿ ಪುಸ್ತಕ ಬರೆಯುವುದು ಜೊತೆ ಕಾರ್ಯದರ್ಶಿಯ ಕೆಲಸ. ಈ ವರ್ಷ ಅದು ನನ್ನ ಪಾಲಿಗೆ ಬಂತು. ಬರೆಯುವ ಮೊದಲು ಹಳೆಯದನ್ನು ಓದಿ ನೋಡೋಣ ಎಂದು ಹಿಂದಿನ ಪುಟಗಳನ್ನು ತಿರುವಿದೆ. ಪ್ರತಿ ವರ್ಷದ ಮೊದಲ ಸಭೆಯ ವರದಿಯಲ್ಲೂ ‘ಸಂಘದ ಗುರಿಗಳು’ ಎಂಬ ತಲೆಬರಹವಿದೆ, ಅದರ ಕೆಳಗೆ ಆರು ಸಾಲುಗಳಿವೆ. ಶಿಸ್ತು ಕಾಪಾಡುವುದು. ಸ್ವಚ್ಛತೆಗೆ ಆದ್ಯತೆ ನೀಡುವುದು. ಪ್ರತಿಭೆಗಳಿಗೆ ವೇದಿಕೆ ಒದಗಿಸುವುದು. ನಾಯಕತ್ವ ಗುಣ ಬೆಳೆಸುವುದು. ಸಮಾಜ ಸೇವೆ ಮಾಡುವುದು. ವಿದ್ಯಾರ್ಥಿಗಳ ಸರ್ವಾಂಗೀಣ ಏಳಿಗೆಗೆ ಶ್ರಮಿಸುವುದು. ಇಸವಿ ಬದಲಾಗಿದೆ, ಕೈಬರಹ ಬದಲಾಗಿದೆ, ಸಾಲುಗಳು ಬದಲಾಗಿಲ್ಲ. ‘ಸರ್ವಾಂಗೀಣ’ದ ಕಾಗುಣಿತ ತಪ್ಪು ಕೂಡ ವರ್ಷದಿಂದ ವರ್ಷಕ್ಕೆ ಹಾಗೆಯೇ ಇಳಿದು ಬಂದಿದೆ.

ನಮ್ಮ ಸೀನಿಯರ್‌ಗಳನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಅವರು ವಾರ್ಷಿಕೋತ್ಸವವನ್ನು ಚೆನ್ನಾಗಿ ನಡೆಸಿದ್ದರು, ಕ್ರೀಡಾಕೂಟ ಮಾಡಿದ್ದರು, ನೆರೆ ಬಂದಾಗ ಅಕ್ಕಿ, ಬಟ್ಟೆ ಸಂಗ್ರಹಿಸಿ ಕೊಟ್ಟಿದ್ದರು. ಆದರೆ ಆ ಆರು ಸಾಲುಗಳಿಗೂ ಈ ಕೆಲಸಗಳಿಗೂ ಸಂಬಂಧ ಹುಡುಕುವುದು ಕಷ್ಟ. ಆ ಸಾಲುಗಳು ಇಲ್ಲದಿದ್ದರೂ ಅವರು ಇದನ್ನೆಲ್ಲ ಮಾಡುತ್ತಿದ್ದರು. ಇನ್ನೇನೂ ಮಾಡದೇ ಇದ್ದಿದ್ದರೂ ಆ ಸಾಲುಗಳು ‘ನೀವು ಮಾಡಿಲ್ಲ’ ಎಂದು ಯಾರನ್ನೂ ಕೇಳುತ್ತಿರಲಿಲ್ಲ.

ಈ ವರ್ಷದ ಮೊದಲ ಸಭೆಯಲ್ಲೂ ಅಧ್ಯಕ್ಷರು ಅದೇ ಆರನ್ನು ಓದಿದರು. ಎಲ್ಲರೂ ತಲೆಯಾಡಿಸಿದೆವು. ಸಂಘದ ಸಲಹೆಗಾರರಾದ ಮೇಡಂ ಮಾತ್ರ ಒಂದು ಪ್ರಶ್ನೆ ಕೇಳಿದರು: “ಜನವರಿಯಲ್ಲಿ ನಾನು ಬಂದು ಕೇಳ್ತೇನೆ. ಇದರಲ್ಲಿ ಯಾವುದು ಆಯ್ತು, ಯಾವುದು ಆಗ್ಲಿಲ್ಲ ಅಂತ ನೀವು ಹೇಗೆ ಹೇಳ್ತೀರಿ?” ಶಿಸ್ತು ಆಯಿತೇ? ಎಷ್ಟು ಆಯಿತು? ನಾಯಕತ್ವ ಗುಣ ಯಾರಲ್ಲಿ ಬೆಳೆಯಿತು, ಅಳೆದವರು ಯಾರು? ಸಭೆಯಲ್ಲಿ ಸ್ವಲ್ಪ ನಗು ಎದ್ದಿತು. ಆಮೇಲೆ ಯಾರಿಗೂ ಉತ್ತರ ಹೊಳೆಯಲಿಲ್ಲ.

ತರಬೇತಿ ಶಿಬಿರಗಳಿಗೆ ಹೋಗಿ ಬಂದವರಿಗೆ ‘ಸ್ಮಾರ್ಟ್’ ಗುರಿ ಎಂಬ ಮಾತು ಗೊತ್ತಿರುತ್ತದೆ. ಐದು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು ಅದು. ನಮ್ಮ ಕಾಮರ್ಸ್ ತರಗತಿಯಲ್ಲೂ ಅದರ ಮಾತು ಬಂದಿತ್ತು. ಅದನ್ನು ಮೊದಲು ಬರೆದವರು ಜಾರ್ಜ್ ಡೋರನ್ ಎಂಬ ಅಮೆರಿಕದ ವ್ಯವಸ್ಥಾಪಕ, 1981ರಲ್ಲಿ, ಒಂದು ಮ್ಯಾನೇಜ್‌ಮೆಂಟ್ ಪತ್ರಿಕೆಯಲ್ಲಿ. ಈಗ ನಾವು ಕಲಿಯುವ ಪಟ್ಟಿಯಲ್ಲಿ ‘ಎ’ ಎಂದರೆ ಸಾಧಿಸಲು ಸಾಧ್ಯವಾದದ್ದು. ಡೋರನ್ ಬರೆದದ್ದು ಬೇರೆ. ಅವರ ‘ಎ’ ಎಂದರೆ ‘ಅಸೈನಬಲ್’, ಅಂದರೆ ಈ ಕೆಲಸ ಯಾರದು ಎಂದು ಹೆಸರು ಹಿಡಿದು ಹೇಳಲು ಆಗುವಂಥದ್ದು. ಯಾವಾಗ, ಯಾಕೆ ಇದು ಬದಲಾಯಿತೋ, ನನಗಂತೂ ಹಳೆಯ ‘ಎ’ಯೇ ಹೆಚ್ಚು ಇಷ್ಟ. ಕಂಪನಿಯಲ್ಲಿ ಸಂಬಳ ಕೊಡುತ್ತಾರೆ, ಕೆಲಸ ಯಾರದ್ದೆಂದು ಹೇಗೋ ತೀರ್ಮಾನವಾಗುತ್ತದೆ. ವಿದ್ಯಾರ್ಥಿ ಸಂಘದಲ್ಲಿ ‘ಎಲ್ಲರೂ ಸೇರಿ ಮಾಡೋಣ’ ಎಂದು ಹೇಳಿದ ಕ್ಷಣದಲ್ಲೇ ಆ ಕೆಲಸ ಯಾರದ್ದೂ ಅಲ್ಲವಾಗುತ್ತದೆ.

ನಮಗೆ ಗುರಿ ಸಿಕ್ಕಿದ್ದು ಸಭೆಯಲ್ಲಲ್ಲ, ಆಫೀಸಿನ ಕೌಂಟರ್‌ನಲ್ಲಿ. ಅಲ್ಲಿರುವ ಅಕ್ಕನ ಹತ್ತಿರ ಹಾಜರಿ ಪಟ್ಟಿಯ ನಕಲು ಕೇಳಲು ಹೋಗಿದ್ದೆ. ಅವರು ಒಬ್ಬ ಹುಡುಗಿಯ ಉಮ್ಮನ ಜೊತೆ ಮಾತಾಡುತ್ತಿದ್ದರು. ಕಳೆದ ವರ್ಷದ ವಿದ್ಯಾರ್ಥಿವೇತನ ಬಂದಿಲ್ಲ, ಯಾಕೆ ಎಂದು ಆ ತಾಯಿಗೆ ಗೊತ್ತಿಲ್ಲ. ಅವರು ಬೀಡಿ ಕಟ್ಟುವವರು. ಬ್ರಾಂಚ್‌ಗೆ ಬೀಡಿ ಕೊಟ್ಟು ಬರುವ ದಾರಿಯಲ್ಲಿ ಕಾಲೇಜಿಗೆ ಬಂದಿದ್ದರು. ಈ ಹಣ ಬಂದರೆ ಮಗಳ ಎರಡನೇ ಕಂತಿನ ಫೀಸು ಕಟ್ಟುತ್ತೇನೆ, ಇಲ್ಲದಿದ್ದರೆ ಏನು ಮಾಡುವುದು ಎಂದು ಕೇಳಿದರು. ಅವರು ಹೋದ ಮೇಲೆ ಅಕ್ಕ ನನಗೆ ಹೇಳಿದರು: “ದುಡ್ಡು ಬಂದಿಲ್ಲ ಅಂತ ಎಷ್ಟು ಮಕ್ಕಳು ಬರ್ತಾರೆ ಗೊತ್ತುಂಟಾ? ಅರ್ಧ ಜನ ಅರ್ಜಿಯೇ ಹಾಕಿರುವುದಿಲ್ಲ. ಉಳಿದವರ ಅಕೌಂಟ್‌ಗೆ ಆಧಾರ್ ಜೋಡಣೆ ಆಗಿರುವುದಿಲ್ಲ.”

ಇದು ನನಗೆ ಆಶ್ಚರ್ಯ ತಂದಿತು. ಯಾಕೆಂದರೆ ವಿದ್ಯಾರ್ಥಿವೇತನದ ಬಗ್ಗೆ ಜಾಗೃತಿ ಕಾರ್ಯಕ್ರಮ ನಡೆದಿತ್ತು. ನಡಾವಳಿ ಪುಸ್ತಕದಲ್ಲಿ ಅದರ ವರದಿ ಇದೆ: ಅತಿಥಿಗಳ ಭಾಷಣ, ಶಾಲು, ಸ್ಮರಣಿಕೆ, ವಂದನಾರ್ಪಣೆ. ಕಾರ್ಯಕ್ರಮ ಯಶಸ್ವಿಯಾಗಿತ್ತು. ಅರ್ಜಿ ಹೋಗಿರಲಿಲ್ಲ, ಅಷ್ಟೆ. ನಾವು ಕಾರ್ಯಕ್ರಮವನ್ನೇ ಗುರಿ ಎಂದುಕೊಳ್ಳುವುದು ಇಲ್ಲಿಯೇ. ಎನ್‌ಎಸ್‌ಎಸ್‌ನಲ್ಲೂ ಇದೇ ಜಾರುದಾರಿ ಇದೆ ಎಂದು ನನಗೆ ಅನಿಸುತ್ತದೆ. 1969ರಲ್ಲಿ, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ ಶುರುವಾದ ಯೋಜನೆ ಅದು. ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು ಎಂಬ ನಿಯಮವಿದೆ. ಒಳ್ಳೆಯ ನಿಯಮ, ಬೇಡ ಎನ್ನುವುದಿಲ್ಲ. ಆದರೆ ಡೈರಿಯಲ್ಲಿ 120 ಗಂಟೆ ತುಂಬಿಸುವುದೇ ಮುಖ್ಯವಾದರೆ, ಆ ಗಂಟೆಗಳಲ್ಲಿ ಯಾರ ಬಾವಿಕಟ್ಟೆ ಸರಿಯಾಯಿತು ಎಂದು ಕೇಳಲು ಮರೆತುಹೋಗುತ್ತದೆ.

ಮುಂದಿನ ಸಭೆಯಲ್ಲಿ ನಾನು ವಿದ್ಯಾರ್ಥಿವೇತನದ ವಿಷಯ ಎತ್ತಿದೆ. ಎಲ್ಲರಿಗೂ ಹಿಡಿಸಲಿಲ್ಲ. ಸಾಂಸ್ಕೃತಿಕ ಕಾರ್ಯದರ್ಶಿಗೆ ಅಂತರ ಕಾಲೇಜು ಸ್ಪರ್ಧೆ ಮಾಡಬೇಕೆಂಬ ಆಸೆ ಇತ್ತು. “ಇದು ಆಫೀಸಿನ ಕೆಲಸ ಮಾರಾಯ್ತಿ, ನಮ್ಮದಲ್ಲ” ಎಂದಳು. ಅವಳ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಆಫೀಸಿನಲ್ಲಿ ಇರುವವರು ಇಬ್ಬರು, ಪ್ರಥಮ ಪಿಯುಸಿಗೆ ಹೊಸದಾಗಿ ಬಂದ ಮಕ್ಕಳು ಮೂರು ತರಗತಿ. ಒಬ್ಬೊಬ್ಬರ ಹಿಂದೆ ಬಿದ್ದು ಕೇಳಲು ಅವರಿಗೆ ಆಗುವುದಿಲ್ಲ. ನಾವು ಸಂಘದಲ್ಲಿ ಹನ್ನೆರಡು ಮಂದಿ ಇದ್ದೇವೆ, ಕಳೆದ ವರ್ಷ ನಾವೇ ಅರ್ಜಿ ಹಾಕಿದ್ದೇವೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂದು ನಮಗೆ ಗೊತ್ತು. ಕೊನೆಗೆ ಸ್ಪರ್ಧೆಯೂ ಇರಲಿ, ಇದೂ ಇರಲಿ, ಆರು ಸಾಲು ಮಾತ್ರ ಬೇಡ ಎಂದು ತೀರ್ಮಾನವಾಯಿತು. ಸ್ಪರ್ಧೆ ನವೆಂಬರಿನಲ್ಲಿ ಚೆನ್ನಾಗಿ ನಡೆಯಿತು, ಅದರ ವರದಿ ಇದೇ ಸಂಚಿಕೆಯಲ್ಲಿ ಬೇರೆ ಪುಟದಲ್ಲಿದೆ.

ಗುರಿಯ ವಾಕ್ಯ ಬರೆಯಲು ನಮಗೆ ಎರಡು ಸಭೆ ಬೇಕಾಯಿತು. ಮೊದಲ ಕರಡು: ‘ಅರ್ಹರಾದ ಎಲ್ಲ ವಿದ್ಯಾರ್ಥಿಗಳಿಗೂ ವಿದ್ಯಾರ್ಥಿವೇತನ ಸಿಗುವಂತೆ ಮಾಡುವುದು.’ ಕೇಳಲು ಚೆಂದ. ಆದರೆ ಹಣ ಕೊಡುವುದು ಸರ್ಕಾರ, ನಾವಲ್ಲ. ಯಾವಾಗ ಬರುತ್ತದೆ, ಎಷ್ಟು ಬರುತ್ತದೆ ಎಂಬುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿ ಇಲ್ಲದ್ದನ್ನು ಗುರಿ ಎಂದು ಬರೆದುಕೊಂಡರೆ ಎರಡರಲ್ಲಿ ಒಂದು ಆಗುತ್ತದೆ: ಹಣ ಬಂದರೆ ನಮ್ಮಿಂದ ಆಯಿತು ಎಂದು ಹೇಳಿಕೊಳ್ಳುತ್ತೇವೆ, ಬರದಿದ್ದರೆ ನಾವೇನು ಮಾಡುವುದು ಎಂದು ಕೈ ಒದರುತ್ತೇವೆ. ಹಾಗಾಗಿ ಹೀಗೆ ಬರೆದೆವು: ‘ಅರ್ಜಿ ಹಾಕಲು ಬಯಸುವ ಪ್ರಥಮ ಪಿಯುಸಿಯ ಪ್ರತಿಯೊಬ್ಬರ ದಾಖಲೆಗಳೂ ದಸರಾ ರಜೆ ಮುಗಿಯುವ ಮೊದಲು ಸಿದ್ಧವಿರಬೇಕು, ರಜೆ ಮುಗಿದ ಎರಡು ವಾರದೊಳಗೆ ಅರ್ಜಿ ಸಲ್ಲಿಕೆಯಾಗಬೇಕು.’ ಇಲಾಖೆಯ ಕೊನೆಯ ದಿನಾಂಕವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅದು ಮುಂದೆ ಹೋಗಬಹುದು, ಹೋಗದೆಯೂ ಇರಬಹುದು. ದಸರಾ ರಜೆಯಂತೂ ಬಂದೇ ಬರುತ್ತದೆ. ಆಗ ಮಕ್ಕಳು ಮನೆಯಲ್ಲಿರುತ್ತಾರೆ, ತರಗತಿ ತಪ್ಪಿಸದೆ ಮನೆಯವರ ಜೊತೆ ನಾಡಕಚೇರಿಗೂ ಬ್ಯಾಂಕಿಗೂ ಹೋಗಿಬರಬಹುದು.

ಮೂರೂ ತರಗತಿಗಳಲ್ಲಿ ಕೇಳಿದಾಗ 58 ಹೆಸರು ಬಂದವು. ಹನ್ನೆರಡು ಮಂದಿಗೆ ಹಂಚಿದರೆ ಒಬ್ಬರಿಗೆ ನಾಲ್ಕೋ ಐದೋ. ಹೀಗೆ ಹಂಚಿಕೊಂಡ ಮೇಲೆಯೇ ಗುರಿಗೆ ಜೀವ ಬಂದದ್ದು. 58 ಎಂಬುದು ಹೆದರಿಸುವ ಸಂಖ್ಯೆ. ಐದು ಎಂದರೆ ಐದು ಮುಖ, ಐದು ಬಸ್‌ಸ್ಟಾಪು.

ಇನ್ನು ಆ ಅರ್ಜಿಯ ದಾರಿ. ಹೊರಗಿನಿಂದ ನೋಡಿದವರಿಗೆ ‘ಆನ್‌ಲೈನ್ ಅರ್ಜಿ, ಹತ್ತು ನಿಮಿಷದ ಕೆಲಸ’ ಎನಿಸುತ್ತದೆ. ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರದಲ್ಲಿರುವ ಆರ್.ಡಿ. ಸಂಖ್ಯೆ ಬೇಕು. ಆಧಾರ್‌ಗೆ ಜೋಡಣೆಯಾದ ಮೊಬೈಲ್‌ಗೆ ಓಟಿಪಿ ಬರುತ್ತದೆ. ಕಾಲೇಜಿನಿಂದ ದಾಖಲೆಗಳ ದೃಢೀಕರಣ ಆಗಬೇಕು. ಹಣ ಬರುವುದು ನಾವು ಬರೆದುಕೊಟ್ಟ ಖಾತೆಗಲ್ಲ, ಆಧಾರ್‌ಗೆ ಜೋಡಣೆಯಾದ ಖಾತೆಗೆ. ಬರೆದರೆ ನಾಲ್ಕೈದು ಸಾಲು. ಒಂದೊಂದರ ಹಿಂದೆಯೂ ಒಂದೊಂದು ಮನೆಯ ಕತೆ ಇದೆ.

ಓಟಿಪಿಯ ವಿಷಯವನ್ನೇ ತೆಗೆದುಕೊಳ್ಳಿ. ನನ್ನ ಪಾಲಿಗೆ ಬಂದ ಐವರಲ್ಲಿ ಇಬ್ಬರ ಆಧಾರ್‌ಗೆ ಇದ್ದದ್ದು ತಂದೆಯ ಊರಿನ ನಂಬರ್. ತಂದೆ ಇರುವುದು ಗಲ್ಫ್‌ನಲ್ಲಿ. ಊರಿನ ಸಿಮ್ ರೀಚಾರ್ಜ್ ಇಲ್ಲದೆ ಎಂದೋ ಸತ್ತುಹೋಗಿದೆ. ಓಟಿಪಿ ಯಾರಿಗೂ ಸಿಗದ ಜಾಗಕ್ಕೆ ಹೋಗುತ್ತದೆ. ಅವರಿಗೆ ಮೊದಲು ಆಗಬೇಕಾದದ್ದು ವಿದ್ಯಾರ್ಥಿವೇತನದ ಅರ್ಜಿಯಲ್ಲ, ಆಧಾರ್ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟು ಮೊಬೈಲ್ ನಂಬರ್ ಬದಲಿಸುವ ಕೆಲಸ. ಯಾವ ನಂಬರ್ ಕೊಡುವುದು ಎಂಬುದಕ್ಕೆ ಒಂದು ಮನೆಯಲ್ಲಿ ಎರಡು ದಿನ ಚರ್ಚೆಯಾಯಿತು. ಉಮ್ಮನ ಬಳಿ ಫೋನ್ ಇಲ್ಲ, ಮಾವನ ನಂಬರ್ ಕೊಟ್ಟರೆ ಮುಂದೆ ಪ್ರತಿ ಸಲವೂ ಮಾವನನ್ನೇ ಕೇಳಬೇಕು. ಕೊನೆಗೆ ಉಮ್ಮನ ಹೆಸರಿನಲ್ಲೇ ಹೊಸ ಸಿಮ್ ಬಂತು. ಆ ಮನೆಯಲ್ಲಿ ಅವರ ಹೆಸರಿನ ಮೊದಲ ಸಿಮ್ ಅದು. ಇದು ನಮ್ಮ ಗುರಿಯಲ್ಲಿ ಇರಲಿಲ್ಲ, ಆದರೆ ಅದರಿಂದಲೇ ಆಯಿತು.

ಹೆಸರಿನ ಕತೆ ಇನ್ನೂ ಉದ್ದ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ‘ಫಾತಿಮಾ’, ಆಧಾರ್‌ನಲ್ಲಿ ‘ಫಾತಿಮತ್’, ಬ್ಯಾಂಕಿನಲ್ಲಿ ಅದರ ಹಿಂದೆ ಇನ್ನೊಂದು ಇನಿಷಿಯಲ್. ‘ಮೊಹಮ್ಮದ್’ ಅನ್ನು ನಮ್ಮ ಕಡೆ ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂದು ನಮ್ಮ ಅಧ್ಯಕ್ಷರು ಒಮ್ಮೆ ಎಣಿಸತೊಡಗಿ ಎಂಟಕ್ಕೆ ನಿಲ್ಲಿಸಿದರು. ಮನೆಯಲ್ಲಿ ಎಲ್ಲವೂ ಒಂದೇ ಹೆಸರು, ಕಂಪ್ಯೂಟರ್‌ಗೆ ಎಲ್ಲರೂ ಬೇರೆ ಬೇರೆ. ಇದು ಹತ್ತು ನಿಮಿಷದಲ್ಲಿ ಮುಗಿಯುವ ವಿಷಯವಲ್ಲ. ಜುಲೈಯಲ್ಲಿ ಗೊತ್ತಾದರೆ ಡಿಸೆಂಬರಿನೊಳಗೆ ಸರಿಪಡಿಸಬಹುದು. ಕೊನೆಯ ದಿನ ಗೊತ್ತಾದರೆ ಆ ವರ್ಷದ ಆಸೆ ಬಿಡಬೇಕು. ಅದಕ್ಕೇ ನಾವು ಕೆಲಸವನ್ನು ‘ಅರ್ಜಿ ಹಾಕಿದೆಯಾ?’ ಎಂಬ ಪ್ರಶ್ನೆಯಿಂದ ಶುರು ಮಾಡಲಿಲ್ಲ. ‘ನಿನ್ನ ಮೂರು ಕಾಗದ ಅಕ್ಕಪಕ್ಕ ಇಟ್ಟು ಹೆಸರಿನ ಅಕ್ಷರ ಅಕ್ಷರ ನೋಡಿದೆಯಾ?’ ಎಂದು ಕೇಳಿದೆವು.

ಇನ್ನೊಬ್ಬಳದ್ದು ಖಾತೆಯ ಗೊಂದಲ. ಹೈಸ್ಕೂಲಿನ ಹಣ ಬಂದೇ ಇಲ್ಲ ಎಂದು ಎರಡು ವರ್ಷದಿಂದ ಬೇಸರದಲ್ಲಿದ್ದಳು. ಬ್ಯಾಂಕಿನಲ್ಲಿ ವಿಚಾರಿಸಿದರೆ, ಅವಳ ಆಧಾರ್ ಜೋಡಣೆಯಾಗಿದ್ದದ್ದು ಪ್ರೈಮರಿಯಲ್ಲಿದ್ದಾಗ ತೆರೆದು ಎಲ್ಲರೂ ಮರೆತ ಬೇರೊಂದು ಖಾತೆಗೆ. ಹಣ ಅಲ್ಲಿಯೇ ಕುಳಿತಿತ್ತು. ಅವಳ ಉಪ್ಪ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಬಂದ ದಿನ ನಮ್ಮ ತಂಡಕ್ಕೆಲ್ಲ ಒಂದು ಡಬ್ಬ ಗೋಳಿಬಜೆ ಕಳಿಸಿದ್ದರು.

ಎರಡು ನಿಯಮಗಳನ್ನು ಮೇಡಂ ಮೊದಲೇ ಹಾಕಿಕೊಟ್ಟಿದ್ದರು. ಯಾರ ಆಧಾರ್ ಸಂಖ್ಯೆಯನ್ನೂ ನಾವು ಬರೆದುಕೊಳ್ಳಬಾರದು, ಯಾರ ಓಟಿಪಿಯನ್ನೂ ಕೇಳಬಾರದು. ಅರ್ಜಿಯನ್ನು ಅವರವರೇ ತುಂಬಬೇಕು, ನಾವು ಪಕ್ಕದಲ್ಲಿ ಕೂರಬೇಕು. ಎರಡನೆಯದು, ಯಾರ ಮನೆಯ ಆದಾಯ ಎಷ್ಟು ಎಂಬುದು ಯಾರ ಬಾಯಲ್ಲೂ ಬರಬಾರದು. ನೋಟಿಸ್ ಬೋರ್ಡಿನಲ್ಲಿ ನಾವು ಹೆಸರು ಹಾಕಲಿಲ್ಲ, ಸಂಖ್ಯೆ ಮಾತ್ರ ಹಾಕಿದೆವು: ದಾಖಲೆ ಸಿದ್ಧವಾದವರು ಇಷ್ಟು, ಅರ್ಜಿ ಸಲ್ಲಿಸಿದವರು ಇಷ್ಟು, ಬಾಕಿ ಇಷ್ಟು. ಪ್ರತಿ ಶನಿವಾರ ಬೆಳಿಗ್ಗೆ ಸಂಖ್ಯೆ ಬದಲಾಗುತ್ತಿತ್ತು. ಈ ಎಣಿಕೆ ಇರುವುದರಿಂದಲೇ ಸಭೆ ಚಿಕ್ಕದಾಯಿತು ಎಂಬುದು ನನ್ನ ಅನುಭವ. ಮೊದಲಾದರೆ ಒಂದು ಗಂಟೆ ಮಾತಾಡಿ ಏಳುತ್ತಿದ್ದೆವು. ಈಗ ಒಬ್ಬೊಬ್ಬರೂ ತಮ್ಮ ಐವರ ಬಗ್ಗೆ ಎರಡೆರಡು ವಾಕ್ಯ ಹೇಳಿದರೆ ಮುಗಿಯಿತು.

ಸಮಯ ಹೊಂದಿಸುವುದೂ ಒಂದು ಕೆಲಸವೇ. ಶುಕ್ರವಾರ ಜುಮಾಕ್ಕಾಗಿ ಮಧ್ಯಾಹ್ನದ ಬಿಡುವು ದೀರ್ಘವಾಗಿರುತ್ತದೆ. ಹುಡುಗಿಯರು ಆ ಹೊತ್ತಿನಲ್ಲಿ ಕ್ಯಾಂಪಸ್ಸಿನಲ್ಲೇ ಇರುತ್ತೇವೆ. ಕಂಪ್ಯೂಟರ್ ಲ್ಯಾಬಿನ ಎರಡು ಸಿಸ್ಟಂಗಳನ್ನು ನಮಗೆ ಆಗ ಬಿಟ್ಟುಕೊಟ್ಟರು. ಹುಡುಗರಿಗೆ ಬೆಳಿಗ್ಗೆ ಮೊದಲ ಬೆಲ್ಲಿಗಿಂತ ಮುಂಚಿನ ಅರ್ಧ ಗಂಟೆ. ಹುಡುಗರ ಕಡೆ ಸಂಖ್ಯೆ ಏರುವುದು ನಿಧಾನವಾಯಿತು. ಬಸ್ಸು ತಡ ಎಂಬುದು ಒಂದು ಕಾರಣ. ನಾಚಿಕೆ ಇನ್ನೊಂದು. ಗೆಳೆಯರ ಎದುರು ‘ನಮಗೆ ಬೇಡ’ ಎಂದು ಹೇಳಿದ ಒಬ್ಬ ಹುಡುಗ ಮೂರು ವಾರದ ನಂತರ ಎಲ್ಲರಿಗಿಂತ ಮೊದಲು ಬಂದು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದನಂತೆ. ಅವನನ್ನು ನೋಡಿಕೊಳ್ಳುತ್ತಿದ್ದ ನಮ್ಮ ಕ್ರೀಡಾ ಕಾರ್ಯದರ್ಶಿ ಆ ಮೂರು ವಾರ ಒತ್ತಾಯ ಮಾಡಿರಲಿಲ್ಲ, ದಿನಾ ಸಲಾಂ ಹೇಳಿ ಫುಟ್‌ಬಾಲ್ ಮಾತಾಡುತ್ತಿದ್ದ, ಅಷ್ಟೆ. ಇದನ್ನು ಯಾವ ಎಣಿಕೆಯಲ್ಲಿ ಸೇರಿಸುವುದು? ಅಳೆಯಲು ಬರುವುದೆಲ್ಲ ಒಳ್ಳೆಯದು, ಬಾರದ್ದೆಲ್ಲ ವ್ಯರ್ಥ ಎಂದು ನಾನು ಹೇಳುವುದಿಲ್ಲ. ಡೋರನ್ ಕೂಡ ಪ್ರತಿ ಗುರಿಗೂ ಐದೂ ಅಕ್ಷರ ಕಡ್ಡಾಯ ಎಂದು ಬರೆದಿರಲಿಲ್ಲ.

ನಡುವೆ ನಮಗೆ ಗೊತ್ತೇ ಇಲ್ಲದ ಒಂದು ವಿಷಯ ತಿಳಿಯಿತು. ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಇಲಾಖೆಯ ಪ್ರತ್ಯೇಕ ವಿದ್ಯಾರ್ಥಿವೇತನ ಇದೆ, ಅದಕ್ಕೆ ಎನ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ತಾಯಿಯ ಅಥವಾ ತಂದೆಯ ಬೀಡಿ ಕಾರ್ಮಿಕ ಗುರುತಿನ ಚೀಟಿ ಬೇಕು. ನಮ್ಮ ಪಟ್ಟಿಯಲ್ಲೇ ಹಲವರ ಮನೆಯಲ್ಲಿ ಉಮ್ಮ, ಅಜ್ಜಿ ಬೀಡಿ ಕಟ್ಟುತ್ತಾರೆ. ಕೂಡಲೇ ಅದನ್ನೂ ಗುರಿಗೆ ಸೇರಿಸೋಣ ಎಂಬ ಉತ್ಸಾಹ ಎದ್ದಿತು. ನಮ್ಮ ಉಪಾಧ್ಯಕ್ಷೆ ತಡೆದಳು. ಗುರುತಿನ ಚೀಟಿ ಎಲ್ಲರ ಹತ್ತಿರ ಇದೆಯೋ ಇಲ್ಲವೋ ಗೊತ್ತಿಲ್ಲ, ಮೊದಲು ಹಿಡಿದದ್ದು ಮುಗಿಯಲಿ ಎಂದಳು. ಚೀಟಿ ಇದ್ದ ನಾಲ್ವರಿಗೆ ವಿಷಯ ತಿಳಿಸಿದೆವು, ಯಾವುದು ಅನುಕೂಲ ಎಂದು ಆಫೀಸಿನಲ್ಲಿ ಕೇಳಿ ತೀರ್ಮಾನಿಸಲು ಹೇಳಿದೆವು. ಉಳಿದದ್ದನ್ನು ಮುಂದಿನ ಸಂಘಕ್ಕೆಂದು ಬರೆದಿಟ್ಟಿದ್ದೇವೆ. ಆಸೆ ಬಂದಾಗಲೆಲ್ಲ ಗುರಿ ಹಿಗ್ಗಿಸುತ್ತಾ ಹೋಗುವುದು ಸಂಘಗಳಿಗೆ ಇರುವ ದೊಡ್ಡ ಕಾಯಿಲೆ ಎಂದು ನನಗೆ ಆ ದಿನ ಅನಿಸಿತು.

ಪಿಯು ಕಾಲೇಜಿನ ಸಂಘಕ್ಕೆ ಇರುವ ಆಯುಷ್ಯವೂ ಚಿಕ್ಕದು. ಪದಗ್ರಹಣ ಆಗುವಾಗ ಜುಲೈ. ನಡುವೆ ಮಧ್ಯವಾರ್ಷಿಕ ಪರೀಕ್ಷೆ, ರಜೆ. ಜನವರಿ ಬಂತೆಂದರೆ ಪ್ರಾಕ್ಟಿಕಲ್, ಪೂರ್ವಸಿದ್ಧತಾ ಪರೀಕ್ಷೆ, ಆಮೇಲೆ ದ್ವಿತೀಯ ಪಿಯುಸಿಯವರನ್ನು ಯಾವ ಕೆಲಸಕ್ಕೂ ಕರೆಯಬಾರದು, ಕರೆದರೂ ಮನೆಯಲ್ಲಿ ಬಿಡುವುದಿಲ್ಲ. ಕೆಲಸಕ್ಕೆ ಸಿಗುವುದು ಐದು ತಿಂಗಳು. ‘ವರ್ಷವಿಡೀ’ ಎಂದು ಬರೆದ ಗುರಿಗಳೆಲ್ಲ ಜನವರಿಯಲ್ಲಿ ಅನಾಥವಾಗುತ್ತವೆ. ಈ ಕಾರಣಕ್ಕೆ ಸಂಘದಲ್ಲಿರುವ ಪ್ರಥಮ ಪಿಯುಸಿಯ ನಾಲ್ವರನ್ನು ಮೊದಲ ದಿನದಿಂದಲೇ ಲ್ಯಾಬಿನಲ್ಲಿ ನಮ್ಮ ಪಕ್ಕದಲ್ಲೇ ಕೂರಿಸಿದೆವು. ಈಗ ಅವರಿಗೆ ಪೋರ್ಟಲ್‌ನ ಪ್ರತಿ ಪುಟವೂ ನಮಗಿಂತ ಚೆನ್ನಾಗಿ ಗೊತ್ತು.

ಈ ಲೇಖನ ಬರೆಯುವಾಗ 51 ಅರ್ಜಿಗಳು ಸಲ್ಲಿಕೆಯಾಗಿವೆ. ನಾವು ಹಾಕಿಕೊಂಡಿದ್ದ ದಿನಾಂಕ ದಾಟಿದೆ, ಇಲಾಖೆಯದು ಇನ್ನೂ ದಾಟಿಲ್ಲ. ಬಾಕಿ ಏಳರಲ್ಲಿ ನಾಲ್ಕು ಹೆಸರಿನ ತಿದ್ದುಪಡಿಗೆ ಕಾಯುತ್ತಿವೆ. ಎರಡು ಆದಾಯ ಪ್ರಮಾಣಪತ್ರದ ಅರ್ಜಿಗಳು, ಈ ವಾರ ಬರಬಹುದು. ಏಳನೆಯವಳು ನನ್ನ ಐವರಲ್ಲಿ ಒಬ್ಬಳು, ಆಫೀಸಿನಲ್ಲಿ ಕಂಡ ಆ ಉಮ್ಮನ ಕಿರಿಯ ಮಗಳು. ಅಕ್ಕನಿಗೆ ಆದದ್ದು ಇವಳಿಗೆ ಆಗಬಾರದೆಂದು ಖಾತೆಯ ಜೋಡಣೆಯನ್ನು ಮೊದಲೇ ಮಾಡಿಸಿದ್ದಾಯಿತು. ಆಧಾರ್‌ನಲ್ಲಿ ಹೊಸ ಮೊಬೈಲ್ ನಂಬರ್ ಸೇರಿದೆಯೋ ಇಲ್ಲವೋ ಎಂದು ಶುಕ್ರವಾರ ಲ್ಯಾಬಿನಲ್ಲಿ ನೋಡಬೇಕು. ಫೋನ್ ಹಿಡಿದುಕೊಂಡು ಉಮ್ಮನೂ ಬರುತ್ತೇನೆ ಎಂದಿದ್ದಾರೆ.